ದಾರಿಯಿಲ್ಲದ ನೆಲಕ್ಕೊಂದು ಬಂಡಿ

ಶರಣಬಂಧುಗಳಾದ ಓದುಗರಲ್ಲಿ ಕೆಲವರಿಗೆ ಈ ತಿಂಗಳು ನಾವು ಆರಿಸಿಕೊಂಡಿರುವ ವಿಷಯ ಅಚ್ಚರಿಯನ್ನುಂಟುಮಾಡಬಹುದು. ಮಠದ ಪಾಠಶಾಲೆಯಲ್ಲಿ ವ್ಯಾಕರಣವನ್ನೂ ವಚನಶಾಸ್ತ್ರವನ್ನೂ ಕಲಿತು, ಅದನ್ನೇ ಹೇಳುತ್ತ ಬರೆಯುತ್ತ ಬಂದ ನಮಗೆ ಮೋಟಾರು ಬಂಡಿಯ ಗೊಡವೆ ಏಕೆಂದು ಯಾರಾದರೂ ಕೇಳಿದರೆ ತಪ್ಪಿಲ್ಲ. ಆದರೆ ಮಕ್ಕಳನ್ನು ತಾಂತ್ರಿಕ ಮಹಾವಿದ್ಯಾಲಯಗಳಿಗೆ ಕಳುಹಿಸಿರುವ ನಮ್ಮ ಸಮಾಜದ ಮನೆಗಳಿಂದ ಈಚೆಗೆ ಒಂದು ದೂರು ಮತ್ತೆ ಮತ್ತೆ ನಮ್ಮ ಕಿವಿಗೆ ಬೀಳುತ್ತಿದೆ. ಮಗ ಪುಸ್ತಕ ಮುಚ್ಚಿಟ್ಟು ಕಾಲೇಜಿನ ಷೆಡ್ಡಿನಲ್ಲಿ ಅಪರಾತ್ರಿಯವರೆಗೆ ಕಬ್ಬಿಣ ಕೊಯ್ಯುತ್ತಾನೆ. ಕೈತುಂಬ ಗ್ರೀಸು ಬಳಿದುಕೊಂಡು ಬರುತ್ತಾನೆ. ಕೇಳಿದರೆ ‘ಬಗ್ಗಿ ಕಟ್ಟುತ್ತಿದ್ದೇವೆ’ ಎನ್ನುತ್ತಾನೆ. ಇದು ಯಾವ ಸೀಮೆಯ ವಿದ್ಯಾಭ್ಯಾಸ ಎಂಬುದು ಆ ದೂರಿನ ಸಾರ. ಕೆಲವು ಮನೆಗಳಲ್ಲಿ ಹೆಣ್ಣುಮಕ್ಕಳ ಮೇಲೂ ಇದೇ ದೂರು. ನಾಲ್ಕು ಬುದ್ಧಿಮಾತು ಹೇಳಿರೆಂದು ನಮ್ಮಲ್ಲಿಗೆ ಬಂದವರು ಒಬ್ಬಿಬ್ಬರಲ್ಲ. ವಿಷಯವನ್ನು ಅರಿಯದೆ ಬುದ್ಧಿ ಹೇಳುವುದು ನಮ್ಮ ಗುರುಗಳು ಕಲಿಸಿದ ರೀತಿಯಲ್ಲವಾದುದರಿಂದ ಮೊದಲು ಅರಿಯಲು ಹೊರಟೆವು.

ಬಗ್ಗಿ ಎಂದೊಡನೆ ನಮ್ಮ ವಯಸ್ಸಿನವರ ಕಣ್ಣೆದುರು ನಿಲ್ಲುವುದು ದೇಸಗತಿ ಮನೆತನದವರ ಕುದುರೆಗಾಡಿ. ಈ ಮಕ್ಕಳ ಬಗ್ಗಿಗೆ ಕುದುರೆಯಿಲ್ಲ, ಚಾವಣಿಯಿಲ್ಲ, ಬಾಗಿಲೂ ಇಲ್ಲ. ರಸ್ತೆಯೇ ಇಲ್ಲದ ನೆಲದಲ್ಲಿ, ಎಂದರೆ ಮರಳಿನ ದಿಬ್ಬ, ಹಳ್ಳದ ದಂಡೆ, ಕಲ್ಲು ಕೊರಕಲುಗಳ ಮೇಲೆ ಓಡಲೆಂದೇ ಕಟ್ಟಿದ ಹಗುರವಾದ ಮೋಟಾರು ಬಂಡಿ ಅದು. ಕೊಳವೆಗಳಿಂದ ಹೆಣೆದ ಪಂಜರ, ಹೊರಕ್ಕೆ ಚಾಚಿದ ನಾಲ್ಕು ಗಾಲಿಗಳು, ನಡುವೆ ಆಸನ, ಹಿಂದೆ ಎಂಜಿನು. ಮೈಗೆ ಅಲ್ಲಲ್ಲಿ ತೆಳ್ಳನೆಯ ಹೊದಿಕೆ. ಅಂಗಡಿಗೆ ಹೋಗಿ ಕೊಳ್ಳುವ ವಸ್ತುವಲ್ಲ. ಕಟ್ಟುವವನ ಬುದ್ಧಿಗೆ, ಕೈಯಳವಿಗೆ, ಕಿಸೆಗೆ ತಕ್ಕಂತೆ ಒಂದೊಂದೂ ಬೇರೆ.

ಇದರ ಹಿಂದಿನ ಕಥೆ ಅಮೆರಿಕದ ಕ್ಯಾಲಿಫೋರ್ನಿಯಾದ ಕಡಲತೀರಕ್ಕೆ ಸೇರಿದ್ದು. ಅಲ್ಲಿನ ಜನ ಹಳೆಯ ಕಾರುಗಳ ಮೈಯನ್ನು ಕಳಚಿ ಎಸೆದು, ಬರಿಯ ಅಸ್ಥಿಪಂಜರವನ್ನು ಮರಳುದಿಬ್ಬಗಳ ಮೇಲೆ ಓಡಿಸುವ ಹವ್ಯಾಸವಿಟ್ಟುಕೊಂಡಿದ್ದರು. ಆ ಬಂಡಿಗಳಲ್ಲಿ ಬಹಳವು ಭಾರವಾದವು, ಮರಳಿನಲ್ಲಿ ಹೂತುಹೋಗುತ್ತಿದ್ದವು. ಬ್ರೂಸ್ ಮೇಯರ್ಸ್ ಎಂಬವರು ಇದನ್ನು ನೋಡಿ ಬೇರೊಂದು ದಾರಿ ಯೋಚಿಸಿದರು. 1926ರಲ್ಲಿ ಹುಟ್ಟಿದ ಈ ಮನುಷ್ಯ ಎರಡನೆಯ ಮಹಾಯುದ್ಧದಲ್ಲಿ ಬಂಕರ್ ಹಿಲ್ ಎಂಬ ವಿಮಾನವಾಹಕ ಹಡಗಿನ ಮೇಲಿದ್ದವರು. 1945ರ ಮೇ 11ರಂದು ಜಪಾನಿನ ಆತ್ಮಾಹುತಿ ವಿಮಾನಗಳು ಆ ಹಡಗಿಗೆ ಬಂದೆರಗಿ ಸುಮಾರು 400 ಜನ ಮಡಿದರು. ಮೇಯರ್ಸ್ ಕಡಲಿಗೆ ಹಾರಿ ಉಳಿದರು. ಯುದ್ಧವಾದ ಮೇಲೆ ಅವರು ಹಿಡಿದ ಕಸುಬುಗಳಲ್ಲಿ ಮುಖ್ಯವಾದುದು ದೋಣಿ ಕಟ್ಟುವುದು. ಗಾಜಿನ ಎಳೆಗಳ ಚಾಪೆಯನ್ನು ಅಚ್ಚಿನ ಮೇಲೆ ಹಾಸಿ, ರಾಳ ಸುರಿದು ಗಟ್ಟಿಗೊಳಿಸುವ ಫೈಬರ್ ಗ್ಲಾಸಿನ ವಿದ್ಯೆ ಅವರ ಕೈಗೆ ಬಂದದ್ದು ಅಲ್ಲಿ. ನಮ್ಮ ಕೊಪ್ಪಳ ಸೀಮೆಯ ಕಿನ್ನಾಳದ ಚಿತ್ರಗಾರರು ಹಗುರವಾದ ಮರಕ್ಕೆ ನಾರು, ಬಟ್ಟೆ, ಹುಣಸೆಬೀಜದ ಸರಿ ಇವನ್ನು ಪದರ ಪದರವಾಗಿ ಮೆತ್ತಿ ಗೊಂಬೆಗೆ ಮೈ ಕೊಡುವುದನ್ನು ಕಂಡವರಿಗೆ ಈ ಕ್ರಮ ತೀರ ಅಪರಿಚಿತವೆನಿಸದು.

1964ರಲ್ಲಿ ನ್ಯೂಪೋರ್ಟ್ ಬೀಚ್ ಎಂಬ ಊರಿನಲ್ಲಿ, ತಮ್ಮ ಮನೆಯ ಗ್ಯಾರೇಜಿನಲ್ಲಿ, ಮೇಯರ್ಸ್ ಒಂದು ಕೆಂಪು ಬಂಡಿಯನ್ನು ಕಟ್ಟಿದರು. ದೋಣಿಯ ಹಾಗೆ ಮೈಯೇ ಅದರ ಬಲ. ಕೆಳಗೆ ಬೇರೆ ಚೌಕಟ್ಟಿಲ್ಲ. ಎಂಜಿನು ಜರ್ಮನಿಯ ಫೋಕ್ಸ್‌ವ್ಯಾಗನ್ ಬೀಟಲ್ ಕಾರಿನದು. ಆ ಎಂಜಿನನ್ನೇ ಆರಿಸಿಕೊಂಡದ್ದಕ್ಕೆ ಕಾರಣವಿದೆ. ಅದು ಗಾಳಿಯಿಂದ ತಣಿಯುವಂಥದು, ನೀರು ಕಾದು ಕುದಿಯುವ ಗೋಜಿಲ್ಲ. ಅದು ಕೂರುವುದು ಹಿಂದೆ, ನೂಕುವ ಗಾಲಿಗಳ ಮೇಲೆಯೇ ಅದರ ತೂಕ ಬೀಳುವುದರಿಂದ ಮರಳಿನಲ್ಲಿ ಹಿಡಿತ ಸಿಕ್ಕುತ್ತದೆ. ಮುಂಗಾಲಿಗಳು ಹಗುರವಾಗಿ ಮರಳಿನ ಮೇಲೆ ತೇಲಿದಂತೆ ಹೋಗುತ್ತವೆ.

ಹೀಗೆ ಕಟ್ಟಿದ ಬಂಡಿಗಳು ಹನ್ನೆರಡೇ. ಕಟ್ಟುವುದು ಕಷ್ಟ, ಬೆಲೆ ಹೆಚ್ಚು. ಆದ್ದರಿಂದ ಅವರು ಕ್ರಮವನ್ನು ಬದಲಿಸಿದರು. ಹಳೆಯ ಬೀಟಲ್ ಕಾರಿನ ಮೈಯನ್ನು ಕಳಚಿ, ಅದರ ಉಕ್ಕಿನ ತಳವನ್ನು ನಡುವೆ ಹದಿನಾಲ್ಕೂಕಾಲು ಅಂಗುಲ ಕತ್ತರಿಸಿ, ಎರಡು ತುಂಡುಗಳನ್ನು ಮತ್ತೆ ಬೆಸೆದು, ಅದರ ಮೇಲೆ ಫೈಬರಿನ ಮೈಯನ್ನು ಬೋಲ್ಟುಗಳಿಂದ ಬಿಗಿಯುವುದು. ತಳ ಗಿಡ್ಡವಾದರೆ ದಿಬ್ಬದ ನೆತ್ತಿಯಲ್ಲಿ ಹೊಟ್ಟೆ ಸಿಕ್ಕಿಕೊಳ್ಳುವುದಿಲ್ಲ. ಕಡಿಮೆ ಜಾಗದಲ್ಲಿ ತಿರುಗುತ್ತದೆ. ಬಾಲವಿಲ್ಲದ ಒಂದು ಜಾತಿಯ ಬೆಕ್ಕಿನ ಹೆಸರಿನಿಂದ ಅದಕ್ಕೆ ‘ಮ್ಯಾಂಕ್ಸ್’ ಎಂದು ಹೆಸರಾಯಿತು. ಬೀಟಲ್ ಕಾರಿನ ಮುಂಗಾಲಿಗಳಿಗೆ ಸುರುಳಿ ಸ್ಪ್ರಿಂಗು ಇಲ್ಲ. ಅಡ್ಡಕ್ಕೆ ಮಲಗಿಸಿದ ಕೊಳವೆಯೊಳಗೆ ಉಕ್ಕಿನ ಪಟ್ಟಿಗಳ ಕಟ್ಟು ಇರುತ್ತದೆ; ಗಾಲಿ ಮೇಲೆದ್ದಾಗ ಒದ್ದೆ ಧೋತರವನ್ನು ಹಿಂಡುವಾಗ ತಿರುಚಿಕೊಳ್ಳುವಂತೆ ಆ ಕಟ್ಟು ತಿರುಚಿಕೊಂಡು, ಮತ್ತೆ ಬಿಚ್ಚಿಕೊಳ್ಳುತ್ತ ಗಾಲಿಯನ್ನು ನೆಲಕ್ಕೆ ಒತ್ತುತ್ತದೆ. ಮೈ ಹಗುರವಾದಾಗ ಈ ತಿರುಚಿನ ಬಿಗುಪನ್ನೂ ಗಾಲಿಯ ಎತ್ತರವನ್ನೂ ಹೊಸದಾಗಿ ಹೊಂದಿಸಬೇಕಾಗುತ್ತದೆ. ಬಂಡಿಯನ್ನು ಬದಲಿಸುವುದೆಂದರೆ ಒಂದನ್ನು ಮುಟ್ಟಿದರೆ ಉಳಿದುದೆಲ್ಲವನ್ನೂ ಮುಟ್ಟಬೇಕಾದ ಕೆಲಸವೆಂಬುದು ನಮಗೆ ತಿಳಿದದ್ದು ಇಲ್ಲಿ. ಪಾಠಾಂತರ ತಿದ್ದುವ ಕೆಲಸವೂ ಹೀಗೆಯೇ.

ಮೆಕ್ಸಿಕೋ ದೇಶಕ್ಕೆ ಸೇರಿದ ಬಾಜಾ ಕ್ಯಾಲಿಫೋರ್ನಿಯಾ ಎಂಬುದು ಕಡಲಿಗೆ ಚಾಚಿದ ಉದ್ದನೆಯ ಒಣ ನಾಡು. ಕಲ್ಲು, ಮರಳು, ಪಾಪಾಸುಕಳ್ಳಿ. 1967ರ ಏಪ್ರಿಲಿನಲ್ಲಿ ಮೇಯರ್ಸ್ ಒಬ್ಬ ಗೆಳೆಯರೊಡನೆ ತಮ್ಮ ಕೆಂಪು ಬಂಡಿಯಲ್ಲಿ ಆ ನಾಡಿನ ತೆಂಕಣ ಲಾ ಪಾಜಿನಿಂದ ಬಡಗಣ ಟಿಹುವಾನಕ್ಕೆ 34 ಗಂಟೆ 45 ನಿಮಿಷಗಳಲ್ಲಿ ಬಂದು ಮುಟ್ಟಿದರು. ಅದಕ್ಕೆ ಮುಂಚೆ ಮೋಟಾರ್‌ಸೈಕಲ್ಲಿನವರು ಸ್ಥಾಪಿಸಿದ್ದ ದಾಖಲೆಗಿಂತ ಇದು ಐದು ಗಂಟೆ ಕಡಿಮೆ. ಅದೇ ವರ್ಷ ನವೆಂಬರಿನಲ್ಲಿ ಅಲ್ಲಿ ಏರ್ಪಟ್ಟ ಮೊದಲ ದೊಡ್ಡ ಪಂದ್ಯವನ್ನು ವಿಕ್ ವಿಲ್ಸನ್, ಟೆಡ್ ಮ್ಯಾಂಗಲ್ಸ್ ಎಂಬಿಬ್ಬರು ಮ್ಯಾಂಕ್ಸ್ ಬಂಡಿಯಲ್ಲಿಯೇ 27 ಗಂಟೆ 38 ನಿಮಿಷಗಳಲ್ಲಿ ಗೆದ್ದರು. ಗ್ಯಾರೇಜಿನಲ್ಲಿ ಹುಟ್ಟಿದ ಬಂಡಿ ಹೀಗೆ ಜಗತ್ತಿಗೆ ಗೊತ್ತಾಯಿತು.

ಗೊತ್ತಾದದ್ದೇ ತೊಂದರೆಗೂ ಕಾರಣವಾಯಿತು. ಒಂದು ಮ್ಯಾಂಕ್ಸ್ ಮೈಯನ್ನು ಕೊಂಡು ಅದನ್ನೇ ಅಚ್ಚು ಮಾಡಿಕೊಂಡರೆ ಯಾರು ಬೇಕಾದರೂ ಅಂಥ ನೂರು ಮೈಗಳನ್ನು ತೆಗೆಯಬಹುದಿತ್ತು, ತೆಗೆದರು. ಮೇಯರ್ಸ್ ಪೇಟೆಂಟ್ ಹಕ್ಕನ್ನು ಹಿಡಿದು ನ್ಯಾಯಾಲಯಕ್ಕೆ ಹೋದರು, ಅಲ್ಲಿ ಸೋತರು. ಅವರ ಸಂಸ್ಥೆ ತಯಾರಿಸಿದ್ದು ಸುಮಾರು ಆರು ಸಾವಿರ. ಲೋಕದಲ್ಲಿ ಹುಟ್ಟಿದ ನಕಲುಗಳು ಎರಡೂವರೆ ಲಕ್ಷವೆಂದು ಅಂದಾಜು. 1971ರಲ್ಲಿ ಸಂಸ್ಥೆ ಮುಚ್ಚಿತು. ಮುಂದೆ ಬಹುಕಾಲ ಅವರಿಗೆ ಬಗ್ಗಿಯ ಮಾತೇ ಕಹಿಯಾಗಿತ್ತೆಂದು ಹೇಳುತ್ತಾರೆ. ಸುಮಾರು ಮೂವತ್ತು ವರ್ಷಗಳ ಮೇಲೆ ಮತ್ತೆ ಅದೇ ಕಸುಬಿಗೆ ಮರಳಿದರು. 2014ರಲ್ಲಿ ಅಮೆರಿಕದ ಐತಿಹಾಸಿಕ ವಾಹನಗಳ ರಾಷ್ಟ್ರೀಯ ದಾಖಲೆಗೆ ಅವರ ಆ ಮೊದಲ ಕೆಂಪು ಬಂಡಿ ಸೇರಿತು. 2021ರ ಫೆಬ್ರವರಿ 19ರಂದು, 94ನೆಯ ವಯಸ್ಸಿನಲ್ಲಿ, ತೀರಿಕೊಂಡರು.

ಈ ಪ್ರಸಂಗವನ್ನು ಒಂದು ಗೋಷ್ಠಿಯಲ್ಲಿ ನಾವು ಹೇಳಿದಾಗ ಸ್ನೇಹಿತರೊಬ್ಬರು, “ಎರಡೂವರೆ ಲಕ್ಷ ಜನರಿಗೆ ತನ್ನ ವಿದ್ಯೆಯನ್ನು ಹಂಚಿದಂತಾಯಿತಲ್ಲ, ಇದೂ ದಾಸೋಹವೇ” ಎಂದರು. ನಮಗೆ ಹಾಗೆ ತೋರುವುದಿಲ್ಲ. ದಾಸೋಹವೆಂಬುದು ದುಡಿದವನು ತಾನಾಗಿ ಕೈಯೆತ್ತಿ ಕೊಡುವುದು. ಕೇಳದೆ ಎತ್ತಿಕೊಂಡು ಹೋದುದಕ್ಕೆ ಆ ಹೆಸರನ್ನು ಕೊಟ್ಟರೆ ಎತ್ತಿಕೊಂಡವನಿಗೆ ಹಿತವಾಗಬಹುದು, ದುಡಿದವನಿಗೆ ಅದರಿಂದೇನು? ಕಾನೂನು ಏನೇ ಹೇಳಲಿ, ಕಾಯಕಕ್ಕೆ ಪ್ರತಿಫಲವಿದೆ ಎಂಬುದು ಶರಣರು ಒಪ್ಪಿದ ಮಾತು. ನುಲಿಯ ಚಂದಯ್ಯಗಳು ಹಗ್ಗಕ್ಕೆ ತಕ್ಕ ಬೆಲೆಗಿಂತ ಹೆಚ್ಚನ್ನು ಒಲ್ಲೆನೆಂದರೇ ಹೊರತು ಬೆಲೆಯೇ ಬೇಡವೆನ್ನಲಿಲ್ಲ.

ಆ ಬಾಜಾ ನಾಡಿನ ಹೆಸರು ನಮ್ಮ ಮಕ್ಕಳ ಬಾಯಿಗೆ ಬಂದ ಬಗೆ ಹೀಗೆ. ಅಮೆರಿಕದ ದಕ್ಷಿಣ ಕೆರೊಲಿನಾ ವಿಶ್ವವಿದ್ಯಾಲಯದಲ್ಲಿ 1976ರಲ್ಲಿ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆಂದು ಒಂದು ಸ್ಪರ್ಧೆ ಮೊದಲಾಯಿತು. ಇಂಥದೇ ಬಂಡಿಯನ್ನು ವಿದ್ಯಾರ್ಥಿಗಳೇ ಲೆಕ್ಕ ಹಾಕಿ, ಕಟ್ಟಿ, ಓಡಿಸಬೇಕು. ನಮ್ಮ ದೇಶದಲ್ಲಿ ಇದು 2007ರಲ್ಲಿ, ಮಧ್ಯಪ್ರದೇಶದ ಇಂದೋರಿನ ಸಮೀಪದ ಪೀಥಂಪುರದಲ್ಲಿ ಪ್ರಾರಂಭವಾಯಿತು. ಕರ್ನಾಟಕದ ಕಾಲೇಜುಗಳ ಮಕ್ಕಳೂ ಹೋಗುತ್ತಾರೆ. ಎಲ್ಲರ ಬಾಯಲ್ಲೂ ಅದು ‘ಬಾಜಾ’. ಆ ಹೆಸರನ್ನು ಮೊದಲು ಕೇಳಿದಾಗ ನಮಗೆ ಮದುವೆಯ ಬಾಜಾ ಬಜಂತ್ರಿ ನೆನಪಾಗಿ ನಗು ಬಂತೆಂಬುದನ್ನು ಮುಚ್ಚಿಡಬೇಕಾಗಿಲ್ಲ.

ಆ ಹೆಸರನ್ನು ನಮಗೆ ಹೇಳಿದವನು ನಮ್ಮ ಅಣ್ಣನವರ ಮೊಮ್ಮಗ. ಅವನ ತಂದೆಗೆ ಹತ್ತಿಯ ಅಡತಿ ಅಂಗಡಿ. ಮಾತು ಕಡಿಮೆ, ಲೆಕ್ಕ ಗಟ್ಟಿ. 2022ರ ದೀಪಾವಳಿಗೆ ಮನೆಗೆ ಬಂದ ಹುಡುಗನ ಬೆರಳುಗಳ ಮೇಲೆ ಕಿಡಿ ಸಿಡಿದ ಸುಟ್ಟ ಕಲೆಗಳನ್ನು ಕಂಡು ತಾಯಿ ಅತ್ತರು. ತಂಡದ ಖರ್ಚಿಗೆಂದು ತಲೆಗೆ 15,000 ರೂಪಾಯಿ ಕೇಳಿದುದು ತಂದೆಗೆ ಸರಿಬರಲಿಲ್ಲ. ಎಲ್ಲಕ್ಕಿಂತ ಮಿಗಿಲಾಗಿ, ಒಂದು ದೊಡ್ಡ ಸಾಫ್ಟ್‌ವೇರ್ ಸಂಸ್ಥೆ ಕಾಲೇಜಿಗೆ ಬಂದು ನೌಕರಿಗೆ ಆಯ್ಕೆ ಮಾಡಿಕೊಳ್ಳುವ ದಿನವೂ ಪೀಥಂಪುರದ ಸ್ಪರ್ಧೆಯ ದಿನವೂ ಒಂದೇ ವಾರದಲ್ಲಿ ಬೀಳಲಿದ್ದವು. “ಕಾಕಾ, ನಿಮ್ಮ ಮಾತು ಕೇಳತಾನ. ನೀವ ಹೋಗಿ ಹೇಳ್ರಿ” ಎಂದು ತಂದೆ ನಮ್ಮನ್ನು ಕಳುಹಿಸಿದರು. ಹಾಗೆ ನಾವು ಆ ಷೆಡ್ಡಿಗೆ ಹೋದದ್ದು.

ತಗಡಿನ ಚಾವಣಿ. ನೆಲದ ಮೇಲೆ ಸಮತಟ್ಟಾದ ಕಬ್ಬಿಣದ ಮಂಚದಂಥದೊಂದು. ಅದರ ಮೇಲೆ ಕೊಳವೆಗಳ ಪಂಜರ. ಇಪ್ಪತ್ತೈದು ಮಕ್ಕಳ ತಂಡ, ಅದರಲ್ಲಿ ನಾಲ್ವರು ಹುಡುಗಿಯರು. ಗೋಡೆಗೆ ಖಂಡೇ ಪೂಜೆಯ ದಿನ ಹಚ್ಚಿದ ವಿಭೂತಿಯ ಪಟ್ಟೆಗಳು ಇನ್ನೂ ಇದ್ದವು. ಬೆಸುಗೆಯ ಬೆಳಕನ್ನು ಬರಿಗಣ್ಣಿನಿಂದ ನೋಡಬಾರದೆಂದು ನಮಗೂ ಒಂದು ಕಪ್ಪು ಗಾಜಿನ ಮುಖವಾಡ ಕೊಟ್ಟರು.

ಆ ಪಂಜರವೇ ಬಂಡಿಯ ಪ್ರಾಣರಕ್ಷೆ. ಬಂಡಿ ಪಲ್ಟಿಯಾದರೂ ಒಳಗಿದ್ದವನ ತಲೆಗೆ ಪೆಟ್ಟಾಗಬಾರದು. ಮುಖ್ಯ ಕೊಳವೆ 25 ಮಿಲಿಮೀಟರ್ ದಪ್ಪ, ಅದರ ಗೋಡೆ 3 ಮಿಲಿಮೀಟರ್ ಇರಬೇಕು, ಇಲ್ಲವೆ ಅಷ್ಟೇ ಬಲದ ಬೇರೊಂದು ಆಗಬೇಕು. ಹೆಲ್ಮೆಟ್ಟಿಗೂ ಕೊಳವೆಗೂ ನಡುವೆ ಆರು ಅಂಗುಲ ಬಿಡಬೇಕು. ಅವಘಡವಾದರೆ ಸವಾರ ಐದು ಸೆಕೆಂಡಿನಲ್ಲಿ ಹೊರಬರಬೇಕು. ಸಮಯ ಹಿಡಿದು ಪರೀಕ್ಷಿಸುತ್ತಾರೆ. ಬ್ರೇಕು ಒತ್ತಿದರೆ ನಾಲ್ಕೂ ಗಾಲಿಗಳು ಒಟ್ಟಿಗೆ ಕಚ್ಚಿ ನಿಲ್ಲಬೇಕು. ನಿಲ್ಲದಿದ್ದರೆ ಬಂಡಿಯನ್ನು ಮೈದಾನಕ್ಕೆ ಬಿಡುವುದಿಲ್ಲ. ಎಂಜಿನಿನ ಶಕ್ತಿ ಎಲ್ಲರಿಗೂ ಒಂದೇ, ಸುಮಾರು 10 ಅಶ್ವಶಕ್ತಿ. ಹಣವಿದ್ದವನು ದೊಡ್ಡ ಎಂಜಿನು ತಂದು ಗೆಲ್ಲುವ ಹಾಗಿಲ್ಲ. ಈ ನಿಯಮ ನಮಗೆ ಬಹಳ ಹಿಡಿಸಿತು.

ಬೆಸುಗೆಯ ಬಗ್ಗೆ ಒಬ್ಬ ಹುಡುಗಿ ವಿವರಿಸಿದಳು. ಎರಡು ಕೊಳವೆಗಳನ್ನು ಕೂಡಿಸುವಾಗ ಒಂದರ ತುದಿಯನ್ನು ಅರ್ಧಚಂದ್ರದಂತೆ ಉಜ್ಜಿ ಇನ್ನೊಂದರ ಮೈಗೆ ಕೂದಲೆಳೆಯಷ್ಟೂ ಸಂದಿಲ್ಲದೆ ಕೂರಿಸಬೇಕು. ಒಂದೇ ಕಡೆ ಬೆಸೆಯುತ್ತ ಹೋದರೆ ಶಾಖ ಕೊಳವೆಯನ್ನು ತನ್ನತ್ತ ಎಳೆದು ಇಡೀ ಪಂಜರ ಸೊಟ್ಟಗಾಗುತ್ತದೆ. ಅದಕ್ಕಾಗಿ ಮೊದಲು ಚುಕ್ಕೆ ಇಟ್ಟಂತೆ ಅಲ್ಲಲ್ಲಿ ತಗುಲಿಸಿ, ಆಮೇಲೆ ಎದುರುಬದುರಾಗಿ ತುಂಬುತ್ತ ಬರಬೇಕು. ಆಕೆ ಒಂದು ಕಬ್ಬಿಣದ ತುಂಡನ್ನು ನಮ್ಮ ಕೈಗಿತ್ತಳು. ತಾನೇ ಮಾಡಿದ ಬೆಸುಗೆಯನ್ನು ತಾನೇ ನಡುವೆ ಗರಗಸದಿಂದ ಸೀಳಿ ಉಜ್ಜಿ ಹೊಳಪು ಕೊಟ್ಟಿದ್ದಳು. “ಮ್ಯಾಲ ಚಂದ ಕಂಡ್ರ ಸಾಲೂದಿಲ್ರಿ ಅಜ್ಜಾರ, ಒಳಗ ಹೊಕ್ಕೈತೇನ್ ನೋಡಬೇಕ್ರಿ.” ಅಂತರಂಗ ಬಹಿರಂಗಗಳ ವಿಚಾರವಾಗಿ ಪ್ರವಚನಗಳಲ್ಲಿ ನಾವು ಕೊಟ್ಟ ದೃಷ್ಟಾಂತಗಳು ಹಲವು, ಕೈಯಲ್ಲಿ ಹಿಡಿದು ನೋಡಬಹುದಾದ ದೃಷ್ಟಾಂತ ಇದೊಂದೇ.

ನಮ್ಮ ಹುಡುಗನ ಪಾಲಿಗೆ ಬಂದದ್ದು ಸಸ್ಪೆನ್ಷನ್, ಎಂದರೆ ಗಾಲಿಗೂ ಮೈಗೂ ನಡುವಿನ ಹೊಂದಾಣಿಕೆಯ ಏರ್ಪಾಡು. ಚಕ್ಕಡಿಯಲ್ಲಿ ಇದಿಲ್ಲ, ಅಚ್ಚು ನೇರವಾಗಿ ಮರಕ್ಕೆ ತಾಗುವುದರಿಂದ ಕಲ್ಲಿನ ಪೆಟ್ಟು ಕೂತವನ ಬೆನ್ನಿಗೇ ಬರುತ್ತದೆ. ಟಾಂಗಾಗಳಿಗೆ ಕಮಾನು ಪಟ್ಟಿ ಬಂದಿತು. ಈ ಬಂಡಿಯಲ್ಲಿ ಪ್ರತಿಯೊಂದು ಮುಂಗಾಲಿಯನ್ನೂ ಮೇಲೊಂದು ಕೆಳಗೊಂದು, ಕವೆಯ ಆಕಾರದ ಎರಡು ತೋಳುಗಳು ಹಿಡಿದಿರುತ್ತವೆ. ಮೇಲಿನದು ತುಸು ಗಿಡ್ಡ. ಅದೇಕೆ ಗಿಡ್ಡವೆಂದು ಕೇಳಿದೆವು. ಎರಡೂ ಒಂದೇ ಅಳತೆಯಿದ್ದರೆ ತಿರುವಿನಲ್ಲಿ ಮೈ ವಾಲಿದಾಗ ಗಾಲಿಯೂ ಅದರೊಡನೆ ಹೊರಕ್ಕೆ ವಾಲಿ ಟಯರಿನ ಅಂಚಿನ ಮೇಲೆ ನಿಲ್ಲುತ್ತದೆ. ಮೇಲಿನದು ಗಿಡ್ಡವಿದ್ದರೆ ಗಾಲಿ ಏರುತ್ತ ಅದರ ತಲೆ ಒಳಕ್ಕೆ ಬಾಗಿ, ಟಯರು ನೆಲಕ್ಕೆ ಹೆಚ್ಚು ಸಮವಾಗಿ ಒತ್ತುತ್ತದೆ. ಹಿಂದಿನ ವರ್ಷದ ತಂಡ ಮೋಟಾರ್‌ಸೈಕಲ್ಲಿನ ಹಿಂಗಾಲಿಯ ಶಾಕ್ ಅಬ್ಸಾರ್ಬರುಗಳನ್ನೇ ತಂದು ಕೂರಿಸಿತ್ತಂತೆ. ಅವುಗಳ ಓಟ ಸಾಲದೆ ಬಂಡಿ ಪ್ರತಿ ಗುಂಡಿಯಲ್ಲಿಯೂ ತಳ ಕುಟ್ಟುತ್ತಿತ್ತು. ಇವನು ಉದ್ದನೆಯವನ್ನು ತರಿಸಿ, ತೋಳುಗಳನ್ನು ಹೊಸದಾಗಿ ಕಟ್ಟಿ, ಬಂಡಿಯ ಹೊಟ್ಟೆಯನ್ನು ನೆಲದಿಂದ ಹನ್ನೆರಡು ಅಂಗುಲಕ್ಕೆ ಎತ್ತಿದ್ದ. ಎತ್ತರಿಸಿದಷ್ಟೂ ಮಗುಚುವ ಭಯ ಹೆಚ್ಚು. ಆದ್ದರಿಂದ ಗಾಲಿಗಳ ನಡುವಿನ ಅಗಲವನ್ನೂ ಹೆಚ್ಚಿಸಿದ್ದ. ಅದರಿಂದ ಸ್ಟೀರಿಂಗಿನ ಸರಳುಗಳನ್ನೂ ಬದಲಿಸಬೇಕಾಯಿತು. ನಾವು ಹಿಂದೆ ಹೇಳಿದ ಮಾತು ಇಲ್ಲಿಯೂ ನಿಜ.

ಕಾಲೇಜಿನ ಹಿಂದಿನ ಬೀಳುನೆಲದಲ್ಲಿ ಅರ್ಧ ಗಂಟೆ ಓಡಿಸಿ ತಂದು ನಿಲ್ಲಿಸಿದ ಹುಡುಗ, “ಸಣ್ಣಜ್ಜಾ, ಇದರ ಮ್ಯಾಲ ಕೈ ಇಟ್ಟು ನೋಡ್ರಿ” ಎಂದ. ಶಾಕ್ ಅಬ್ಸಾರ್ಬರಿನ ಕೊಳವೆ ಬೆಚ್ಚಗಾಗಿ, ಬಹಳ ಹೊತ್ತು ಕೈಯಿಡಲಾಗದಷ್ಟಾಗಿತ್ತು. ಸ್ಪ್ರಿಂಗು ಪೆಟ್ಟನ್ನು ತೆಗೆದುಕೊಳ್ಳುತ್ತದೆ, ಆದರೆ ಅದಕ್ಕೆ ಬಿಟ್ಟುಬಿಡಲು ಬಾರದು. ಒಂಟಿಯಾಗಿ ಬಿಟ್ಟರೆ ಚೆಂಡಿನಂತೆ ಕುಣಿಯುತ್ತಲೇ ಇರುತ್ತದೆ. ಕೊಳವೆಯೊಳಗಿನ ಎಣ್ಣೆ ಸಣ್ಣ ರಂಧ್ರಗಳಲ್ಲಿ ನುಗ್ಗಿ ಹಾಯುವಾಗ ಆ ಕುಣಿತವೆಲ್ಲ ಶಾಖವಾಗಿ ಕರಗಿ ಗಾಳಿಗೆ ಸೇರುತ್ತದೆ. ಬೀಳುನೆಲದ ಅಷ್ಟೂ ಕಲ್ಲುಗಳ ಪೆಟ್ಟು ಆ ಬಿಸಿಯಲ್ಲಿತ್ತು.

ಮೈಹೊದಿಕೆಯ ವಿಷಯದಲ್ಲಿ ಹೆಚ್ಚು ಹೇಳುವುದಿಲ್ಲ. ಹಗುರವಾಗಿರಲೆಂದು ಬದಿಗಳಿಗೆ ಅಲ್ಯುಮಿನಿಯಂ ತಗಡು, ಮೂತಿಗೆ ಫೈಬರು. ಅಚ್ಚಿಗೆ ಮೇಣ ಸವರಿ ಚಾಪೆ ಹಾಸಿ ರಾಳ ಹಚ್ಚಿದ ಹುಡುಗರು ಎರಡು ದಿನ ಮೈ ಕೆರೆದುಕೊಂಡರಂತೆ. ಚಂದ ಕಾಣಲೆಂದು ಹಿಂಬದಿಗೆ ರೆಕ್ಕೆಯಂಥದೊಂದನ್ನು ಹಚ್ಚಬೇಕೆಂದು ಒಬ್ಬನ ಹಟವಿತ್ತು. ತೂಕದ ಲೆಕ್ಕ ತೋರಿಸಿ ಉಳಿದವರು ಕೈಬಿಡಿಸಿದ್ದರು.

ತಾಯಿತಂದೆಗಳು ಅರಿತಿರಬೇಕಾದ ಒಂದು ಮಾತು. ಇಂಥ ಬಂಡಿ ಸ್ಪರ್ಧೆಯ ಮೈದಾನಕ್ಕೆ, ಖಾಸಗಿ ನೆಲಕ್ಕೆ ಮಾತ್ರ. ಊರ ರಸ್ತೆಗೆ ತರುವಂತಿಲ್ಲ. ನೋಂದಣಿಯಾದ ಕಾರನ್ನೋ ಜೀಪನ್ನೋ ತಯಾರಕರು ಕೊಟ್ಟ ಮೂಲರೂಪಕ್ಕೆ ಹೊರತಾಗಿ ಮನಬಂದಂತೆ ಬದಲಿಸುವುದನ್ನು 1988ರ ಮೋಟಾರು ವಾಹನಗಳ ಅಧಿನಿಯಮದ 52ನೆಯ ಪ್ರಕರಣ ತಡೆಯುತ್ತದೆ. ಸರ್ವೋಚ್ಚ ನ್ಯಾಯಾಲಯವೂ 2019ರಲ್ಲಿ ಇದನ್ನು ಎತ್ತಿಹಿಡಿದಿದೆ. ಗೆಳೆಯರ ಮುಂದೆ ಮೆರೆಯಲೆಂದು ಹಳೆಯ ಜೀಪಿನ ಕಮಾನನ್ನು ಎತ್ತರಿಸಿ, ದೊಡ್ಡ ಗಾಲಿ ಹಾಕಿ, ಜಾತ್ರೆಯ ಜನಸಂದಣಿಯಲ್ಲಿ ಓಡಿಸುವ ತರುಣರನ್ನು ನಾವು ಕಂಡಿದ್ದೇವೆ. ಅದಕ್ಕೂ ಇದಕ್ಕೂ ಸಂಬಂಧವಿಲ್ಲ. ಅಲ್ಲಿ ಲೆಕ್ಕವೂ ಇಲ್ಲ, ಪರೀಕ್ಷಕನೂ ಇಲ್ಲ. ಅಂಥ ಮಗನನ್ನು ತಂದೆ ಗದರಿದರೆ ನಾವು ತಂದೆಯ ಪಕ್ಷ.

ಆದರೆ ಷೆಡ್ಡಿನ ಮಕ್ಕಳ ಮೇಲಿನ ದೂರಿನಲ್ಲಿ ಅಪಾಯದ ಅಂಜಿಕೆಯೊಂದೇ ಇದೆಯೆಂದು ನಮಗೆ ತೋರುವುದಿಲ್ಲ. ಗ್ರೀಸು ಹತ್ತಿದ ಕೈಯ ಬಗೆಗಿನ ಕೀಳರಿಮೆಯೂ ಅದರಲ್ಲಿ ಸೇರಿದೆ. ಹಗ್ಗ ಹೊಸೆದವರನ್ನು, ಬಿದಿರು ಸೀಳಿದ ಮೇದಾರ ಕೇತಯ್ಯಗಳನ್ನು, ಬಾಚಿ ಹಿಡಿದ ಬಸವಯ್ಯಗಳನ್ನು ನಾವು ಬಸವ ಜಯಂತಿಯ ವೇದಿಕೆಯ ಮೇಲೆ ಕೊಂಡಾಡುತ್ತೇವೆ. ಮನೆಗೆ ಬಂದು, ಮಗ ವೆಲ್ಡಿಂಗು ಕಲಿತನೆಂದು ಬೀಗರ ಮುಂದೆ ಹೇಳಲು ಹಿಂಜರಿಯುತ್ತೇವೆ. 1916ರಲ್ಲಿ ಬೆಳಗಾವಿಯಲ್ಲಿ ಏಳು ಮಂದಿ ಶಿಕ್ಷಕರು ಕೂಡಿ ಕರ್ನಾಟಕ ಲಿಂಗಾಯತ ಶಿಕ್ಷಣ ಸಂಸ್ಥೆಯನ್ನು ಕಟ್ಟಿದರು. ಆ ಸಂಸ್ಥೆಯಿಂದ 1947ರಲ್ಲಿ ಹುಬ್ಬಳ್ಳಿಯಲ್ಲಿ, ಸಿದ್ಧಗಂಗೆಯ ಮಠದ ಆಶ್ರಯದಲ್ಲಿ 1963ರಲ್ಲಿ ತುಮಕೂರಿನಲ್ಲಿ ತಾಂತ್ರಿಕ ವಿದ್ಯಾಲಯಗಳು ತೆರೆದವು. ಊರೂರು ತಿರುಗಿ ಕಾಣಿಕೆ ಕೂಡಿಸಿದ ಆ ಹಿರಿಯರ ಕಣ್ಣೆದುರು ಇದ್ದದ್ದು ಗಣಿತವನ್ನೂ ಸುತ್ತಿಗೆಯನ್ನೂ ಒಂದೇ ಕೈಯಲ್ಲಿ ಹಿಡಿಯಬಲ್ಲ ಮಕ್ಕಳು. ಗಣಕದ ಮುಂದೆ ಕೂತು ದುಡಿಯುವುದೂ ಕಾಯಕವೇ; ಅದರ ಮೇಲೆ ನಮ್ಮ ಆಕ್ಷೇಪವಿಲ್ಲ. ಅದೊಂದೇ ಕಾಯಕವೆಂಬ ಭ್ರಮೆಯ ಮೇಲೆ ಇದೆ.

ಹುಡುಗನಿಗೆ ನಾವು ತಂದೆಯ ಮಾತನ್ನು ಇದ್ದಂತೆ ತಿಳಿಸಿದೆವು. ಖರ್ಚನ್ನೂ ತಾಯಿಯ ಕಣ್ಣೀರನ್ನೂ ಬಿಡಲಿಲ್ಲ. ಅವನು ತಲೆ ತಗ್ಗಿಸಿ ಕೇಳಿದ. “ನಾ ಹೋಗಲಿಲ್ಲಂದ್ರ ಅಲ್ಲಿ ಮುಂಗಾಲಿ ಕೆಟ್ರ ಯಾರಿಗೂ ಗೊತ್ತಾಗೂದಿಲ್ರಿ ಸಣ್ಣಜ್ಜಾ” ಎಂದನಷ್ಟೆ. ಇಪ್ಪತ್ತನಾಲ್ಕು ಜನರ ಒಂದು ವರ್ಷದ ದುಡಿಮೆ ತನ್ನ ತೋಳುಗಳ ಮೇಲೆ ನಿಂತಿದೆಯೆಂದು ಬಲ್ಲವನಿಗೆ ಬಿಟ್ಟು ಬಾ ಎಂದು ಹೇಳಲು ನಮಗೆ ಶಾಸ್ತ್ರಾಧಾರ ದೊರೆಯಲಿಲ್ಲ. ತಂದೆಯವರಿಗೆ ಹಾಗೆಯೇ ತಿಳಿಸಿದೆವು. ಅವರಿಗೆ ಅಸಮಾಧಾನವಾಯಿತು, ನಮ್ಮೊಡನೆ ಹಲವು ದಿನ ಮಾತು ಬಿಗಿಯಾಗಿಯೇ ಇತ್ತು.

2023ರಲ್ಲಿ ಅವರು ಪೀಥಂಪುರಕ್ಕೆ ಹೋದರು. ಬಂಡಿ ತಾಂತ್ರಿಕ ತಪಾಸಣೆಯಲ್ಲಿ ಎರಡನೆಯ ಸಲ ತೇರ್ಗಡೆಯಾಯಿತು, ಬ್ರೇಕಿನ ಪರೀಕ್ಷೆಯಲ್ಲಿ ಮೊದಲ ಸಲವೇ. ಕೊನೆಯದು ನಾಲ್ಕು ಗಂಟ��ಗಳ ಓಟ. ಬಹಳಷ್ಟು ಬಂಡಿಗಳು ಒಡೆಯುವುದು ಅಲ್ಲಿ. ಇವರದು ಮೂರನೆಯ ಗಂಟೆಯಲ್ಲಿ ಒಂದು ದಿಬ್ಬ ಹಾರಿ ಇಳಿಯುವಾಗ ಬಲಗಡೆಯ ಮುಂಗಾಲಿ ಮುರಿದು ಕೂತಿತು. ಪಂಜರಕ್ಕೆ ಏನೂ ಆಗಲಿಲ್ಲ. ಓಡಿಸುತ್ತಿದ್ದ ಹುಡುಗಿ ತಾನೇ ಇಳಿದು ಬಂದಳು. ಬಹುಮಾನ ಬರಲಿಲ್ಲ. ನೌಕರಿಯ ಆಯ್ಕೆ ಆ ವಾರವೇ ಮುಗಿದುಹೋಗಿತ್ತು. ಆಮೇಲೆ ಬೇರೆ ಸಂಸ್ಥೆಗಳು ಬಂದವು, ಅದು ಬೇರೆ ಮಾತು.

ಊರಿಗೆ ಬಂದ ಹುಡುಗ ಆ ಮುರಿದ ತೋಳನ್ನು ಬಟ್ಟೆಯ ಚೀಲದಲ್ಲಿ ಸುತ್ತಿ ತಂದಿದ್ದ. ಆ ದಿನ ಅಣ್ಣನವರನ್ನು ಕಾಣಲು ನಾವೂ ಅಲ್ಲಿಗೆ ಹೋಗಿದ್ದೆವು. ಪಡಸಾಲೆಯಲ್ಲಿ ಅಡತಿಯ ಲೆಕ್ಕದ ಪುಸ್ತಕಗಳ ಪಕ್ಕದಲ್ಲಿ ಅದನ್ನಿಟ್ಟು, ಯಾರೂ ಕೇಳದಿದ್ದರೂ ಹೇಳತೊಡಗಿದ. ಬೆಸುಗೆ ಬಿಟ್ಟಿಲ್ಲ, ಬೆಸುಗೆಯ ಅಂಚಿನಲ್ಲಿ, ಶಾಖ ತಗುಲಿ ಗುಣ ಬದಲಾದ ಕಡೆಯಲ್ಲಿ, ಕೊಳವೆಯೇ ಸೀಳಿದೆ. ಶಾಕ್ ಅಬ್ಸಾರ್ಬರಿನ ಬುಡವನ್ನು ತೋಳಿನ ನಡುವೆ ಕೂರಿಸಿದ್ದರಿಂದ ಅಲ್ಲಿ ಬಾಗುವ ಭಾರ ಬಿದ್ದಿದೆ. ಗಾಲಿಯ ಕಡೆಗೆ ಎರಡಂಗುಲ ಸರಿಸಿ ಕೆಳಗೊಂದು ತಗಡಿನ ಆಸರೆ ಕೊಟ್ಟರೆ ನಿಲ್ಲುತ್ತದೆ. ಮುಂದಿನ ವರ್ಷದ ತಂಡಕ್ಕೆಂದು ಅದನ್ನೆಲ್ಲ ಒಂದು ಪುಸ್ತಕದಲ್ಲಿ ಚಿತ್ರಸಹಿತ ಬರೆದಿಟ್ಟಿದ್ದ. ಅವನ ತಂದೆ ಕನ್ನಡಕವನ್ನು ಹಣೆಗೇರಿಸಿ ಕೊಳವೆಯ ತುಂಡನ್ನು ಎತ್ತಿಕೊಂಡರು; ಹತ್ತಿಯ ಎಳೆಯನ್ನು ಹಿಡಿದು ನೋಡುವ ಅದೇ ಎರಡು ಬೆರಳುಗಳಿಂದ ಸೀಳಿದ ಅಂಚನ್ನು ತಡವಿ ನೋಡಿದರು; ಅಂಗೈ ಮೇಲಿಟ್ಟು ತೂಕವನ್ನು ಅಂದಾಜು ಮಾಡಿದರು.

“ಈ ಪೈಪು ಕಿಲೋಕ್ಕ ಎಷ್ಟ ಬೀಳತೈತೋ?” ಎಂದು ಮಗನನ್ನು ಕೇಳಿದರು.